ಕಡಲನೀರಿನ ಅಕ್ವೇರಿಯಂನ ಮರಳುಹಾಸಿನ ಕಪ್ಪು ಪಾಚಿ

ಕಡಲನೀರಿನ ಅಕ್ವೇರಿಯಂನ ಮರಳುಹಾಸಿನ ಕಪ್ಪು ಪಾಚಿ ಎಂಬುದು ಉಪ್ಪುನೀರಿನ ಮೀನುತೊಟ್ಟಿಗಳ ತಳದ ಮರಳಿನ ಮೇಲೆ ಕಪ್ಪು, ಕಡುಗೆಂಪು, ಕಂದು ಅಥವಾ ಕಡುಹಸಿರು ಬಣ್ಣದ ತೇಪೆಗಳಾಗಿ ಹರಡುವ ಸೂಕ್ಷ್ಮಜೀವಿಗಳ ಬೆಳವಣಿಗೆಗೆ ಹವ್ಯಾಸಿಗಳು ಬಳಸುವ ಸಾಮಾನ್ಯ ಹೆಸರು. ಇದು ಒಂದೇ ಜೀವಿಯ ಹೆಸರಲ್ಲ. ಸಯನೋಬ್ಯಾಕ್ಟೀರಿಯಾ, ಡಯಾಟಂ ಮತ್ತು ಡೈನೋಫ್ಲಾಜೆಲೇಟ್ ಎಂಬ ಮೂರು ಬೇರೆ ಬೇರೆ ಗುಂಪಿನ ಜೀವಿಗಳು ಇಂತಹ ತೇಪೆಗಳನ್ನು ಉಂಟುಮಾಡುತ್ತವೆ. ಇವಲ್ಲದೆ ಗಾಜಿನ ಬದಿಯಿಂದ ನೋಡಿದಾಗ ಮರಳಿನ ಒಳಭಾಗದಲ್ಲಿ ಕಾಣುವ ಕಪ್ಪು ಪದರವನ್ನೂ ಅನೇಕರು ಪಾಚಿಯೆಂದೇ ತಿಳಿಯುತ್ತಾರೆ. ವಾಸ್ತವವಾಗಿ ಅದು ಕಬ್ಬಿಣದ ಸಲ್ಫೈಡ್ ಎಂಬ ರಾಸಾಯನಿಕ ಸಂಯುಕ್ತ. ಈ ನಾಲ್ಕಕ್ಕೂ ಕಾರಣಗಳು ಬೇರೆ, ಪರಿಹಾರಗಳೂ ಬೇರೆ. ಒಂದಕ್ಕೆ ಹೇಳಿದ ಉಪಾಯವನ್ನು ಮತ್ತೊಂದಕ್ಕೆ ಬಳಸಿದಾಗ ತೊಂದರೆ ಉಲ್ಬಣಿಸಿ ಮೀನು, ಹವಳಗಳು ಸಾಯುವ ಸಂಭವವಿರುವುದರಿಂದ, ಸರಿಯಾದ ಗುರುತಿಸುವಿಕೆಯೇ ನಿವಾರಣೆಯ ಮೊದಲ ಹಂತವಾಗಿದೆ.

ಹಿನ್ನೆಲೆ

ಕಡಲಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸ 19ನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ಜನಪ್ರಿಯವಾಯಿತು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ 1853ರಲ್ಲಿ ಸಾರ್ವಜನಿಕ ಅಕ್ವೇರಿಯಂ ಆರಂಭವಾಯಿತು. ನಿಸರ್ಗವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಪ್ರಕಟಿಸಿದ ಗ್ರಂಥದಿಂದ 'ಅಕ್ವೇರಿಯಂ' ಎಂಬ ಪದ ಬಳಕೆಗೆ ಬಂದಿತು. ಇಂದು ಹವಳಗಳನ್ನೂ ಸಾಕುವ ತೊಟ್ಟಿಗಳನ್ನು 'ರೀಫ್ ಅಕ್ವೇರಿಯಂ' ಎಂದು ಕರೆಯುತ್ತಾರೆ.

ಇಂತಹ ತೊಟ್ಟಿಗಳ ತಳದಲ್ಲಿ ಸಾಮಾನ್ಯವಾಗಿ ಅರಾಗೊನೈಟ್ ಎಂಬ ಸುಣ್ಣಯುಕ್ತ ಮರಳನ್ನು ಹಾಸುತ್ತಾರೆ. 2ರಿಂದ 5 ಸೆಂಟಿಮೀಟರ್ ದಪ್ಪದ ಹಾಸು ತೆಳುಹಾಸು ಎನಿಸಿಕೊಂಡರೆ, 10 ಸೆಂಟಿಮೀಟರಿಗಿಂತ ಹೆಚ್ಚಿನದು ಆಳದ ಮರಳುಹಾಸು ಎನಿಸಿಕೊಳ್ಳುತ್ತದೆ. ಮರಳು ಕೇವಲ ಅಲಂಕಾರವಲ್ಲ. ಮೀನುಗಳ ವಿಸರ್ಜನೆಯಿಂದ ಉಂಟಾಗುವ ವಿಷಕಾರಿ ಅಮೋನಿಯಾವನ್ನು ಮರಳು ಮತ್ತು ಕಲ್ಲುಗಳ ಮೇಲಿನ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿ, ಅನಂತರ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಮರಳಿನ ಆಳದಲ್ಲಿ ಆಮ್ಲಜನಕವಿಲ್ಲದ ಕಡೆ ವಾಸಿಸುವ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿ ಪರಿವರ್ತಿಸುತ್ತವೆ. ಆದರೆ ಅದೇ ಮರಳಿನ ಮೇಲೆ ಉಳಿದ ಆಹಾರ, ಮಲ, ಸತ್ತ ಜೀವಿಗಳ ಕಣಗಳೂ ಬಂದು ಕೂರುತ್ತವೆ. ಹೀಗೆ ಬೆಳಕು, ಪೋಷಕಾಂಶ ಮತ್ತು ನಿಂತ ನೀರು ಮೂರೂ ಒಂದೆಡೆ ದೊರೆಯುವ ತಾಣವಾದ್ದರಿಂದ ತೇಪೆಗಳು ಮೊದಲು ಮರಳಿನ ಮೇಲೆಯೇ ಕಾಣಿಸಿಕೊಳ್ಳುತ್ತವೆ.

ತೇಪೆಗಳ ವಿಧಗಳು

ಸಯನೋಬ್ಯಾಕ್ಟೀರಿಯಾ

ಕಪ್ಪು ಅಥವಾ ಕಡುಗೆಂಪು ತೇಪೆಗಳಿಗೆ ಬಹುಮಟ್ಟಿಗೆ ಸಯನೋಬ್ಯಾಕ್ಟೀರಿಯಾಗಳೇ ಕಾರಣ. ಹಿಂದೆ ಇವುಗಳನ್ನು 'ನೀಲಿ-ಹಸಿರು ಪಾಚಿ' ಎಂದು ಕರೆಯುತ್ತಿದ್ದರು. ಆದರೆ ಇವುಗಳ ಜೀವಕೋಶದಲ್ಲಿ ಕೋಶಕೇಂದ್ರವಿಲ್ಲದ ಕಾರಣ ಇವು ನಿಜವಾದ ಪಾಚಿಗಳಲ್ಲ. ದ್ಯುತಿಸಂಶ್ಲೇಷಣೆ ನಡೆಸಬಲ್ಲ ಬ್ಯಾಕ್ಟೀರಿಯಾಗಳು. ಪತ್ರಹರಿತ್ತಿನ ಜೊತೆಗೆ ಫೈಕೋಸಯನಿನ್ ಎಂಬ ನೀಲಿ ವರ್ಣದ್ರವ್ಯವೂ, ಕೆಲವು ಪ್ರಭೇದಗಳಲ್ಲಿ ಫೈಕೋಎರಿಥ್ರಿನ್ ಎಂಬ ಕೆಂಪು ವರ್ಣದ್ರವ್ಯವೂ ಇರುತ್ತವೆ. ಇವುಗಳ ಪ್ರಮಾಣಕ್ಕೆ ಅನುಗುಣವಾಗಿ ತೇಪೆಯ ಬಣ್ಣ ಹಸಿರಿನಿಂದ ಕಪ್ಪಿನವರೆಗೆ ಬದಲಾಗುತ್ತದೆ. ಎಳೆಗಳು ಲೋಳೆಯಲ್ಲಿ ಹೆಣೆದುಕೊಂಡು ತೆಳುವಾದ ಚಾಪೆಯಂತಾಗುತ್ತವೆ.

ಭೂಮಿಯ ಅತ್ಯಂತ ಪ್ರಾಚೀನ ಜೀವಿಗಳಲ್ಲಿ ಇವೂ ಸೇರಿವೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ವಾತಾವರಣದಲ್ಲಿ ಆಮ್ಲಜನಕ ಹೆಚ್ಚಲು ಇವುಗಳೇ ಕಾರಣವಾದವು. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇವು ಕಟ್ಟಿದ ಸ್ಟ್ರೊಮಾಟೊಲೈಟ್ ಎಂಬ ಶಿಲಾರಚನೆಗಳು ಇಂದಿಗೂ ಬೆಳೆಯುತ್ತಿವೆ. ಅರಬ್ಬೀ ಸಮುದ್ರದಲ್ಲಿ ಭಾರತದ ಪಶ್ಚಿಮ ಕರಾವಳಿಯ ಬಳಿ ಮುಂಗಾರಿಗೆ ಮೊದಲಿನ ತಿಂಗಳುಗಳಲ್ಲಿ ಕಾಣಿಸಿಕೊಳ್ಳುವ, ಮರದ ಹೊಟ್ಟಿನಂತೆ ತೇಲುವ ಟ್ರೈಕೊಡೆಸ್ಮಿಯಂ ಕೂಡ ಇದೇ ಗುಂಪಿನದು. ಪೌಷ್ಟಿಕ ಆಹಾರವಾಗಿ ಬಳಸುವ ಸ್ಪಿರುಲಿನಾ ಸಹ ಸಯನೋಬ್ಯಾಕ್ಟೀರಿಯಾವೇ. ಅದರ ಕೃಷಿಯ ಬಗ್ಗೆ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಸಂಶೋಧನೆ ನಡೆದಿದೆ. ಆದುದರಿಂದ ಈ ಜೀವಿಗಳನ್ನು ತೊಟ್ಟಿಯಿಂದ ಸಂಪೂರ್ಣವಾಗಿ ಇಲ್ಲವಾಗಿಸುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಮಿತಿಮೀರಿ ಬೆಳೆಯದಂತೆ ನೋಡಿಕೊಳ್ಳುವುದೇ ಗುರಿ.

ಡಯಾಟಂ

ಡಯಾಟಂಗಳು ಸಿಲಿಕಾದಿಂದಾದ ಚಿಪ್ಪಿರುವ ಏಕಕೋಶ ಪಾಚಿಗಳು. ಹೊಸದಾಗಿ ಆರಂಭಿಸಿದ ತೊಟ್ಟಿಗಳಲ್ಲಿ ಮೊದಲ ಕೆಲವು ವಾರಗಳಲ್ಲಿ ಮರಳಿನ ಮೇಲೆ ಕಂದುಬಣ್ಣದ ಧೂಳು ಕವಿದಂತೆ ಕಾಣುವುದು ಇವುಗಳೇ. ದಟ್ಟವಾದಾಗ ಕಡುಕಂದು ಬಣ್ಣಕ್ಕೆ ತಿರುಗುತ್ತವೆ. ನೀರಿನಲ್ಲಿರುವ ಸಿಲಿಕೇಟ್ ಮುಗಿಯುತ್ತಾ ಬಂದಂತೆ ಇವು ಸಾಮಾನ್ಯವಾಗಿ ತಾವಾಗಿಯೇ ಕಡಿಮೆಯಾಗುತ್ತವೆ.

ಡೈನೋಫ್ಲಾಜೆಲೇಟ್

ಇವು ಎರಡು ಕಶಾಂಗಗಳ ನೆರವಿನಿಂದ ಚಲಿಸುವ ಏಕಕೋಶ ಜೀವಿಗಳು. ಹವಳದ ಅಂಗಾಂಶದೊಳಗೆ ವಾಸಿಸಿ ಅದಕ್ಕೆ ಆಹಾರ ಒದಗಿಸುವ ಜೀವಿಗಳೂ ಇದೇ ಗುಂಪಿಗೆ ಸೇರಿವೆ. ಆದರೆ ಆಸ್ಟ್ರಿಯಾಪ್ಸಿಸ್, ಆಂಫಿಡಿನಿಯಂ, ಪ್ರೊರೊಸೆಂಟ್ರಂ ಮುಂತಾದ ಕುಲಗಳು ಮರಳು ಮತ್ತು ಕಲ್ಲುಗಳ ಮೇಲೆ ಕಂದುಬಣ್ಣದ ಲೋಳೆಯಾಗಿ ಹರಡಿ ಹಾನಿ ಮಾಡುತ್ತವೆ. ಕೆಲವು ಪ್ರಭೇದಗಳು ವಿಷವನ್ನು ಉತ್ಪಾದಿಸುತ್ತವೆ. ಅವುಗಳನ್ನು ತಿಂದ ಬಸವನಹುಳುಗಳು ಸಾಯುವುದುಂಟು.

ಮರಳಿನೊಳಗಿನ ಕಪ್ಪು ಪದರ

ಆಳವಾದ ಮರಳಿನಲ್ಲಿ ಆಮ್ಲಜನಕವೂ ನೈಟ್ರೇಟೂ ಮುಗಿದ ಕಡೆ ಕೆಲವು ಬ್ಯಾಕ್ಟೀರಿಯಾಗಳು ಕಡಲನೀರಿನಲ್ಲಿರುವ ಸಲ್ಫೇಟನ್ನು ಬಳಸಿ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉಂಟುಮಾಡುತ್ತವೆ. ಇದು ಕಬ್ಬಿಣದೊಂದಿಗೆ ಸೇರಿದಾಗ ಕಪ್ಪು ಬಣ್ಣದ ಕಬ್ಬಿಣದ ಸಲ್ಫೈಡ್ ಉಂಟಾಗುತ್ತದೆ. ಕಡಲತೀರದ ಕೆಸರನ್ನು ಅಗೆದಾಗ ಕಾಣುವ ಕಪ್ಪು ಮಣ್ಣು ಮತ್ತು ಕೊಳೆತ ಮೊಟ್ಟೆಯ ವಾಸನೆಗೂ ಇದೇ ಕಾರಣ.

ಗುರುತಿಸುವ ವಿಧಾನ

ಬಣ್ಣವೊಂದನ್ನೇ ನೋಡಿ ಜೀವಿಯನ್ನು ನಿರ್ಧರಿಸಲಾಗದು. ಕೆಳಗಿನ ಲಕ್ಷಣಗಳು ನೆರವಾಗುತ್ತವೆ.

* ಸಯನೋಬ್ಯಾಕ್ಟೀರಿಯಾ: ಅಂಚನ್ನು ಹಿಡಿದು ಎತ್ತಿದರೆ ತೆಳುವಾದ ಹಾಳೆಯಂತೆ ಕಿತ್ತುಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಆಮ್ಲಜನಕದ ಗುಳ್ಳೆಗಳು ಹಾಳೆಯಡಿಯಲ್ಲಿ ಸಿಲುಕಿರುತ್ತವೆ. ನೀರಿನಿಂದ ಹೊರತೆಗೆದಾಗ ಮಣ್ಣಿನ ಅಥವಾ ಕೊಳಕು ವಾಸನೆ ಇರುತ್ತದೆ.
* ಡಯಾಟಂ: ಹಾಳೆಯಾಗಿ ಬರುವುದಿಲ್ಲ. ನೀರನ್ನು ಕೈಯಿಂದ ಅಲುಗಿಸಿದರೆ ಧೂಳಿನಂತೆ ಚದುರುತ್ತದೆ.
* ಡೈನೋಫ್ಲಾಜೆಲೇಟ್: ಗುಳ್ಳೆಗಳನ್ನು ತುದಿಯಲ್ಲಿ ಹೊತ್ತ ಸಿಂಬಳದಂತಹ ಎಳೆಗಳು ಮೇಲಕ್ಕೆ ಚಾಚಿರುತ್ತವೆ. ರಾತ್ರಿ ಬಹಳಷ್ಟು ಕಡಿಮೆಯಾಗಿ, ದೀಪ ಹೊತ್ತಿದ ಕೆಲವು ಗಂಟೆಗಳಲ್ಲಿ ಮರಳುತ್ತವೆ.
* ಕಬ್ಬಿಣದ ಸಲ್ಫೈಡ್: ಮರಳಿನ ಮೇಲ್ಮೈಯಲ್ಲಿ ಅಲ್ಲ, ಗಾಜಿಗೆ ತಗುಲಿದ ಒಳಪದರದಲ್ಲಿ ಕಾಣುತ್ತದೆ. ಬೆಳಕಿಗೂ ಇದಕ್ಕೂ ಸಂಬಂಧವಿಲ್ಲ.

ಮನೆಯಲ್ಲಿಯೇ ಮಾಡಬಹುದಾದ ಒಂದು ಸರಳ ಪರೀಕ್ಷೆ ಇದೆ. ತೊಟ್ಟಿಯ ನೀರಿನೊಂದಿಗೆ ಸ್ವಲ್ಪ ಲೋಳೆಯನ್ನು ಸೀಸೆಯಲ್ಲಿ ತುಂಬಿ ಚೆನ್ನಾಗಿ ಕುಲುಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಕೆಳಗೆ ಇಳಿದ ತಿಳಿನೀರನ್ನು ಬೆಳಕಿನಲ್ಲಿ ಇಡಬೇಕು. ಸುಮಾರು ಒಂದು ಗಂಟೆಯಲ್ಲಿ ಆ ನೀರಿನಲ್ಲಿ ಮತ್ತೆ ಎಳೆಗಳು ಕೂಡಿಕೊಂಡರೆ ಅದು ಡೈನೋಫ್ಲಾಜೆಲೇಟ್ ಆಗಿರುವ ಸಾಧ್ಯತೆ ಹೆಚ್ಚು. ಸಯನೋಬ್ಯಾಕ್ಟೀರಿಯಾದ ತುಣುಕುಗಳು ಬಹುಪಾಲು ಕಾಗದದ ಮೇಲೆಯೇ ಉಳಿಯುತ್ತವೆ.

ಖಚಿತವಾದ ನಿರ್ಣಯಕ್ಕೆ ಸೂಕ್ಷ್ಮದರ್ಶಕವೇ ಆಗಬೇಕು. ಶಾಲಾ ಪ್ರಯೋಗಾಲಯಗಳಲ್ಲಿರುವ 400 ಪಟ್ಟು ಹಿಗ್ಗಿಸುವ ಸಾಮಾನ್ಯ ಸೂಕ್ಷ್ಮದರ್ಶಕ ಸಾಕಾಗುತ್ತದೆ. ಸಯನೋಬ್ಯಾಕ್ಟೀರಿಯಾ ಕವಲಿಲ್ಲದ ಉದ್ದ ಎಳೆಗಳಾಗಿ ಕಾಣುತ್ತದೆ. ಡಯಾಟಂಗಳು ದೋಣಿ ಅಥವಾ ಕಡ್ಡಿಯಾಕಾರದ ಪಾರದರ್ಶಕ ಚಿಪ್ಪುಗಳಾಗಿ ಕಾಣುತ್ತವೆ. ಆಸ್ಟ್ರಿಯಾಪ್ಸಿಸ್ ಕಣ್ಣೀರಹನಿಯ ಆಕಾರದಲ್ಲಿದ್ದು ಒಂದು ಬಿಂದುವಿನ ಸುತ್ತ ಗಿರಗಿರನೆ ತಿರುಗುತ್ತದೆ; ಆಂಫಿಡಿನಿಯಂ ಅಂಡಾಕಾರವಾಗಿದ್ದು ಜಾರುತ್ತಾ ಸಾಗುತ್ತದೆ.

ಕಾರಣಗಳು

ಸಯನೋಬ್ಯಾಕ್ಟೀರಿಯಾ ಹೆಚ್ಚಲು ಒಂದೇ ಕಾರಣವಿರುವುದು ಅಪರೂಪ. ಸಾಮಾನ್ಯ ಕಾರಣಗಳು ಹೀಗಿವೆ.

ಅತಿಯಾದ ಆಹಾರ: ಮೀನುಗಳು ತಿಂದು ಉಳಿದ ಆಹಾರ ಮರಳಿಗೆ ಬಿದ್ದು ಕೊಳೆತಾಗ ಫಾಸ್ಫೇಟ್ ಮತ್ತು ಸಾವಯವ ಪದಾರ್ಥಗಳು ಬಿಡುಗಡೆಯಾಗುತ್ತವೆ. ಶೈತ್ಯೀಕರಿಸಿದ ಆಹಾರ ಕರಗಿದಾಗ ಬರುವ ನೀರಿನಲ್ಲಿಯೂ ಇವು ಇರುತ್ತವೆ.

ನೀರಿನ ಹರಿವಿನ ಕೊರತೆ: ಕಲ್ಲುಗಳ ಹಿಂಭಾಗ, ತೊಟ್ಟಿಯ ಮೂಲೆ ಮುಂತಾದ ಕಡೆ ನೀರು ಚಲಿಸದಿದ್ದರೆ ಕಸ ಅಲ್ಲಿಯೇ ನಿಲ್ಲುತ್ತದೆ. ತೇಪೆಗಳು ಪದೇಪದೇ ಒಂದೇ ಜಾಗದಲ್ಲಿ ಕಾಣಿಸಿಕೊಂಡರೆ ಇದನ್ನೇ ಮೊದಲು ಶಂಕಿಸಬೇಕು.

ಪೋಷಕಾಂಶಗಳ ಅಸಮತೋಲನ: ಕಡಲಿನ ಸೂಕ್ಷ್ಮಸಸ್ಯಗಳ ದೇಹದಲ್ಲಿ ಇಂಗಾಲ, ಸಾರಜನಕ ಮತ್ತು ರಂಜಕದ ಪರಮಾಣುಗಳು ಸರಾಸರಿ 106:16:1ರ ಪ್ರಮಾಣದಲ್ಲಿರುತ್ತವೆ. ಇದನ್ನು ವಿವರಿಸಿದ ಆಲ್ಫ್ರೆಡ್ ರೆಡ್‌ಫೀಲ್ಡ್ ಅವರ ಹೆಸರಿನಿಂದ ಇದು ರೆಡ್‌ಫೀಲ್ಡ್ ಅನುಪಾತ ಎನಿಸಿದೆ. ನೀರಿನಲ್ಲಿ ನೈಟ್ರೇಟ್ ತೀರ ಕಡಿಮೆಯಾಗಿ ಫಾಸ್ಫೇಟ್ ಉಳಿದಾಗ ಇತರ ಪಾಚಿಗಳು ಸೊರಗುತ್ತವೆ. ಆದರೆ ಕೆಲವು ಸಯನೋಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಸಾರಜನಕ ಅನಿಲವನ್ನೇ ಸ್ಥಿರೀಕರಿಸಿ ಬಳಸಬಲ್ಲವಾದ್ದರಿಂದ ಅವುಗಳಿಗೆ ಪೈಪೋಟಿಯೇ ಇಲ್ಲದಂತಾಗುತ್ತದೆ.

ಅಶುದ್ಧ ನೀರು: ತೊಟ್ಟಿಯಿಂದ ನೀರು ಆವಿಯಾಗುವಾಗ ಅದರಲ್ಲಿ ಕರಗಿದ ಪದಾರ್ಥಗಳು ತೊಟ್ಟಿಯಲ್ಲಿಯೇ ಉಳಿಯುತ್ತವೆ. ಆವಿಯಾದಷ್ಟನ್ನು ಪ್ರತಿದಿನ ನಲ್ಲಿ ಅಥವಾ ಕೊಳವೆಬಾವಿಯ ನೀರಿನಿಂದ ತುಂಬಿದರೆ ನೈಟ್ರೇಟ್, ಸಿಲಿಕೇಟ್, ಫಾಸ್ಫೇಟ್‌ಗಳು ದಿನೇದಿನೇ ಸಂಗ್ರಹವಾಗುತ್ತವೆ. ಕರ್ನಾಟಕದ ಹಲವು ಜಿಲ್ಲೆಗಳ ಅಂತರ್ಜಲದಲ್ಲಿ ನೈಟ್ರೇಟ್ ಅಧಿಕವಾಗಿರುವುದು ದಾಖಲಾಗಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇರಲು ಭಾರತೀಯ ಮಾನಕ ಅವಕಾಶ ನೀಡುತ್ತದೆ. ಹವಳದ ತೊಟ್ಟಿಯಲ್ಲಿ ಸಾಮಾನ್ಯವಾಗಿ ಬಯಸುವ ಪ್ರಮಾಣ ಲೀಟರಿಗೆ 2ರಿಂದ 10 ಮಿಲಿಗ್ರಾಂ ಮಾತ್ರ. ಅಂದರೆ ಮನುಷ್ಯರು ಕುಡಿಯಲು ಯೋಗ್ಯವಾದ ನೀರು ತೊಟ್ಟಿಗೆ ಯೋಗ್ಯವಾಗಿರಬೇಕೆಂದಿಲ್ಲ.

ನೀರಿನ ಪರೀಕ್ಷೆಯಲ್ಲಿ ಫಾಸ್ಫೇಟ್ ಸೊನ್ನೆ ಎಂದು ಬಂದರೂ ತೇಪೆಗಳು ಬೆಳೆಯುವುದು ಅನೇಕರನ್ನು ಗೊಂದಲಕ್ಕೀಡುಮಾಡುತ್ತದೆ. ಮರಳಿನಿಂದ ಹೊರಬರುವ ಪೋಷಕಾಂಶವನ್ನು ಅದು ನೀರಿಗೆ ಸೇರುವ ಮೊದಲೇ ಚಾಪೆ ಹೀರಿಕೊಳ್ಳುವುದು ಇದಕ್ಕೆ ಕಾರಣ.

ನಿವಾರಣೆ

ಕೈಯಿಂದ ತೆಗೆಯುವುದು

ಸಣ್ಣ ಕೊಳವೆಯಿಂದ ಸೈಫನ್ ಮಾಡಿ ಚಾಪೆಯನ್ನು ಹೊರತೆಗೆಯುವುದು ಮೊದಲ ಕೆಲಸ. ಚಾಪೆಯೊಂದಿಗೆ ಅದು ಹೀರಿಕೊಂಡ ಪೋಷಕಾಂಶಗಳೂ ತೊಟ್ಟಿಯಿಂದ ಹೊರಹೋಗುತ್ತವೆ. ಅದನ್ನು ಕೆದಕಿ ನೀರಿನಲ್ಲಿ ಚದುರಿಸಿದರೆ ತುಣುಕುಗಳು ಬೇರೆಡೆ ಹೋಗಿ ನೆಲೆಸುತ್ತವೆ. ಮೇಲ್ಪದರದ ಮರಳೂ ಜೊತೆಗೆ ಬಂದರೆ ಅದನ್ನು ತೊಳೆದು ಮತ್ತೆ ಹಾಕಬಹುದು. ಸಂಜೆಯ ಹೊತ್ತಿಗೆ ಚಾಪೆ ದಟ್ಟವಾಗಿರುವುದರಿಂದ ದೀಪ ಆರಿಸುವ ಮುನ್ನ ಈ ಕೆಲಸ ಸುಲಭ.

ನೀರು ಬದಲಾವಣೆ

ವಾರಕ್ಕೊಮ್ಮೆ 10ರಿಂದ 20 ಶೇಕಡ ನೀರನ್ನು ಬದಲಾಯಿಸುವುದು ರೂಢಿ. ಇದರ ಪರಿಣಾಮ ನಿಧಾನ. ಉದಾಹರಣೆಗೆ ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟ್ ಇರುವ ತೊಟ್ಟಿಯಲ್ಲಿ 20 ಶೇಕಡ ನೀರು ಬದಲಾಯಿಸಿದರೆ ಅದು 32ಕ್ಕೆ ಇಳಿಯುತ್ತದೆ. ನಡುವೆ ಹೊಸದಾಗಿ ಏನೂ ಸೇರದಿದ್ದರೆ ಎರಡನೆಯ ಬಾರಿಗೆ 25.6ಕ್ಕೆ ಇಳಿಯುತ್ತದೆ. ಆದ್ದರಿಂದ ಒಂದೇ ಬಾರಿಗೆ ಬಹಳ ನೀರು ಬದಲಾಯಿಸಿ ಜೀವಿಗಳನ್ನು ಬಳಲಿಸುವುದಕ್ಕಿಂತ ಕ್ರಮಬದ್ಧವಾಗಿ ಹಲವು ಬಾರಿ ಮಾಡುವುದು ಲೇಸು. ಹೊಸ ಉಪ್ಪುನೀರನ್ನು ಆರ್‌ಓ ಮತ್ತು ಡಿಐ ಎರಡೂ ಹಂತಗಳಲ್ಲಿ ಶುದ್ಧೀಕರಿಸಿದ ನೀರಿನಿಂದ ತಯಾರಿಸಬೇಕು. ಲವಣಾಂಶ ಸಾವಿರಕ್ಕೆ 35ರಷ್ಟು, ಉಷ್ಣತೆ ಸುಮಾರು 25 ಡಿಗ್ರಿ ಸೆಲ್ಸಿಯಸ್ ಇರಬೇಕು.

ನೀರಿನ ಹರಿವು

ಪವರ್‌ಹೆಡ್ ಪಂಪುಗಳ ದಿಕ್ಕನ್ನು ಬದಲಾಯಿಸಿ ಮರಳಿನ ಮೇಲೆ ನೀರು ಮೆಲುವಾಗಿ ಹಾಯುವಂತೆ ಮಾಡಬೇಕು. ಹವಳದ ತೊಟ್ಟಿಗಳಲ್ಲಿ ಗಂಟೆಗೆ ತೊಟ್ಟಿಯ ಗಾತ್ರದ 20ರಿಂದ 40 ಪಟ್ಟು ನೀರು ಚಲಿಸುವಂತೆ ವ್ಯವಸ್ಥೆ ಮಾಡುವುದುಂಟು. ಮರಳು ಹಾರುವಷ್ಟು ರಭಸ ಇರಬಾರದು. ಹರಿವಿನಿಂದ ತೇಪೆಗಳು ತಕ್ಷಣ ಸಾಯುವುದಿಲ್ಲ. ಕಸ ನಿಲ್ಲದೆ ಫಿಲ್ಟರಿನತ್ತ ಸಾಗುವುದರಿಂದ ಅವುಗಳ ಆಹಾರ ಕಡಿಮೆಯಾಗುತ್ತದೆ.

ಪೋಷಕಾಂಶಗಳ ನಿಯಂತ್ರಣ

ಮೀನುಗಳು ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ನೀಡಬೇಕು. ಶೈತ್ಯೀಕರಿಸಿದ ಆಹಾರವನ್ನು ಜಾಲರಿಯಲ್ಲಿ ತೊಳೆದು ಹಾಕಬೇಕು. ಪ್ರೋಟೀನ್ ಸ್ಕಿಮ್ಮರ್ ಸಾವಯವ ಪದಾರ್ಥಗಳನ್ನು ನೊರೆಯ ರೂಪದಲ್ಲಿ ಹೊರತೆಗೆಯುತ್ತದೆ. ಫಾಸ್ಫೇಟ್ ಹೆಚ್ಚಿದ್ದರೆ ಕಬ್ಬಿಣದ ಆಕ್ಸೈಡಿನ ಹರಳುಗಳನ್ನು ಫಿಲ್ಟರಿನಲ್ಲಿ ಬಳಸಬಹುದು. ಪ್ರತ್ಯೇಕ ಸಂಪಿನಲ್ಲಿ ಕೀಟೊಮಾರ್ಫಾ ಎಂಬ ಹಸಿರು ಪಾಚಿಯನ್ನು ಬೆಳೆಸಿ ಆಗಾಗ ಕಟಾವು ಮಾಡುವುದು ಮತ್ತೊಂದು ಉಪಾಯ. ಯಾವ ಪೋಷಕಾಂಶವನ್ನೂ ಸೊನ್ನೆಗೆ ಇಳಿಸಬಾರದು. ಹವಳಗಳಿಗೂ ಅವು ಬೇಕು.

ಬೆಳಕು

ದೀಪ ಉರಿಯುವ ಅವಧಿಯನ್ನು ದಿನಕ್ಕೆ 8 ಗಂಟೆಗೆ ಇಳಿಸುವುದು ಸಹಾಯಕ. ತೊಂದರೆ ತೀವ್ರವಾಗಿದ್ದರೆ 3 ದಿನ ತೊಟ್ಟಿಯನ್ನು ಪೂರ್ಣ ಕತ್ತಲೆಯಲ್ಲಿಡುವ ಕ್ರಮವಿದೆ. ಆರೋಗ್ಯವಂತ ಹವಳಗಳು ಸಾಮಾನ್ಯವಾಗಿ ಇದನ್ನು ತಡೆದುಕೊಳ್ಳುತ್ತವೆ. ಆದರೆ ಸತ್ತ ಚಾಪೆಯನ್ನು ಸೈಫನ್ ಮಾಡಿ ತೆಗೆಯದಿದ್ದರೆ ಹಾಗೂ ಮೂಲಕಾರಣವನ್ನು ಸರಿಪಡಿಸದಿದ್ದರೆ ತೇಪೆಗಳು ಕೆಲವೇ ವಾರಗಳಲ್ಲಿ ಮರಳುತ್ತವೆ.

ಮರಳನ್ನು ಕದಡುವ ಜೀವಿಗಳು

ನಸೇರಿಯಸ್ ಮತ್ತು ಸೆರಿತ್ ಬಸವನಹುಳುಗಳು ಮರಳಿನಲ್ಲಿ ಹೂತು ಓಡಾಡುತ್ತಾ ಅದನ್ನು ಸಡಿಲಗೊಳಿಸುತ್ತವೆ. ವ್ಯಾಲೆನ್ಸಿಯೆನ್ನಿಯಾ ಕುಲದ ಗೋಬಿ ಮೀನುಗಳು ಬಾಯಿತುಂಬ ಮರಳನ್ನು ತೆಗೆದು ಜರಡಿ ಹಿಡಿಯುತ್ತವೆ. ಆದರೆ ಸಯನೋಬ್ಯಾಕ್ಟೀರಿಯಾವನ್ನು ತಿನ್ನುವ ಜೀವಿಗಳು ಬಹಳ ಕಡಿಮೆ. ಕೇವಲ ತೇಪೆ ಹೋಗಲಾಡಿಸಲೆಂದು ಸಣ್ಣ ತೊಟ್ಟಿಗೆ ತಂದ ಗೋಬಿ ಮತ್ತು ಮರಳು ನಕ್ಷತ್ರಮೀನುಗಳು ಮರಳಿನಲ್ಲಿರುವ ಸೂಕ್ಷ್ಮಜೀವಿಗಳನ್ನು ತಿಂದು ಮುಗಿಸಿದ ಬಳಿಕ ಉಪವಾಸದಿಂದ ಸಾಯುವುದು ಸಾಮಾನ್ಯ.

ಔಷಧಗಳು

ಸಯನೋಬ್ಯಾಕ್ಟೀರಿಯಾ ಒಂದು ಬ್ಯಾಕ್ಟೀರಿಯಾ ಆದುದರಿಂದ ಎರಿಥ್ರೊಮೈಸಿನ್‌ನಂತಹ ಪ್ರತಿಜೀವಕಗಳು ಅದನ್ನು ಕೊಲ್ಲುತ್ತವೆ. ಮಾರುಕಟ್ಟೆಯಲ್ಲಿ ಬೇರೆ ಪುಡಿಗಳೂ ದೊರೆಯುತ್ತವೆ. ಇವುಗಳನ್ನು ಕೊನೆಯ ಉಪಾಯವಾಗಿ ಮಾತ್ರ ಪರಿಗಣಿಸಬೇಕು. ಪ್ರತಿಜೀವಕಗಳು ತೊಟ್ಟಿಯ ಉಪಯುಕ್ತ ಬ್ಯಾಕ್ಟೀರಿಯಾಗಳಿಗೂ ತೊಂದರೆ ಮಾಡಬಹುದು. ಅಳಿದುಳಿದ ಬ್ಯಾಕ್ಟೀರಿಯಾಗಳಲ್ಲಿ ನಿರೋಧಕ ಶಕ್ತಿ ಬೆಳೆಯಬಹುದು. ಭಾರತದಲ್ಲಿ ಎರಿಥ್ರೊಮೈಸಿನ್ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಔಷಧ.

ಔಷಧ ಬಳಸಿದಾಗ ಎದುರಾಗುವ ದೊಡ್ಡ ಅಪಾಯ ಆಮ್ಲಜನಕದ ಕೊರತೆ. 25 ಡಿಗ್ರಿ ಉಷ್ಣತೆಯ ಕಡಲನೀರು ಗಾಳಿಯಿಂದ ಪಡೆದು ಹಿಡಿದಿಡಬಲ್ಲ ಆಮ್ಲಜನಕ ಲೀಟರಿಗೆ 7 ಮಿಲಿಗ್ರಾಮಿಗಿಂತಲೂ ಕಡಿಮೆ. ಚಾಪೆ ಒಮ್ಮೆಲೇ ಸತ್ತು ಕೊಳೆಯುವಾಗ ಈ ಆಮ್ಲಜನಕ ವೇಗವಾಗಿ ಖರ್ಚಾಗುತ್ತದೆ. ರಾತ್ರಿ ದ್ಯುತಿಸಂಶ್ಲೇಷಣೆಯೂ ಇಲ್ಲದಿರುವುದರಿಂದ ಬೆಳಗಾಗುವಷ್ಟರಲ್ಲಿ ಮೀನುಗಳು ಸತ್ತಿರುವುದುಂಟು. ಆದುದರಿಂದ ಮೊದಲು ಚಾಪೆಯ ಬಹುಭಾಗವನ್ನು ಸೈಫನ್ ಮಾಡಿ ತೆಗೆದು, ಗಾಳಿಯ ಪಂಪನ್ನು ಹಗಲಿರುಳೂ ನಡೆಸಿ, ಪೊಟ್ಟಣದ ಮೇಲಿನ ಪ್ರಮಾಣವನ್ನು ಮೀರದೆ, ಅವಧಿ ಮುಗಿದ ಮೇಲೆ ನೀರು ಬದಲಾಯಿಸಿ ಸಕ್ರಿಯ ಇಂಗಾಲವನ್ನು ಬಳಸಬೇಕು. ವಿದ್ಯುತ್ ಕಡಿತವಾಗುವ ಊರುಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪ್ ಇಲ್ಲದೆ ಈ ಕ್ರಮಕ್ಕೆ ತೊಡಗಬಾರದು.

ಡೈನೋಫ್ಲಾಜೆಲೇಟ್‌ಗಳ ನಿವಾರಣೆ

ಇಲ್ಲಿನ ಕ್ರಮ ಬಹುತೇಕ ವಿರುದ್ಧವಾದುದು. ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಸೊನ್ನೆಯ ಹತ್ತಿರ ಇರುವ ತೊಟ್ಟಿಗಳಲ್ಲಿ ಇವು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಇದನ್ನು ಸಯನೋಬ್ಯಾಕ್ಟೀರಿಯಾ ಎಂದು ತಪ್ಪಾಗಿ ತಿಳಿದು ಆಹಾರವನ್ನು ಇನ್ನಷ್ಟು ಕಡಿಮೆ ಮಾಡಿ, ಫಾಸ್ಫೇಟ್ ಹೀರುವ ಹರಳುಗಳನ್ನು ಬಳಸಿದರೆ ಪೈಪೋಟಿ ನೀಡಬಲ್ಲ ಇತರ ಸೂಕ್ಷ್ಮಜೀವಿಗಳು ಅಳಿದು ಡೈನೋಫ್ಲಾಜೆಲೇಟ್‌ಗಳು ಮತ್ತಷ್ಟು ಹರಡುತ್ತವೆ. ಇಂತಹ ಸಂದರ್ಭದಲ್ಲಿ ಹರಳುಗಳನ್ನು ತೆಗೆದು, ನೈಟ್ರೇಟ್ ಮತ್ತು ಫಾಸ್ಫೇಟ್ ಅಳೆಯಬಹುದಾದ ಮಟ್ಟಕ್ಕೆ ಏರುವಂತೆ ನೋಡಿಕೊಳ್ಳುತ್ತಾರೆ. ಆಸ್ಟ್ರಿಯಾಪ್ಸಿಸ್ ರಾತ್ರಿ ನೀರಿಗೆ ತೇಲಿಬರುವುದರಿಂದ ಅತಿನೇರಳೆ ಕಿರಣದ ಶುದ್ಧೀಕರಣ ಉಪಕರಣ ಅದರ ಮೇಲೆ ಪರಿಣಾಮಕಾರಿ. ಆಂಫಿಡಿನಿಯಂ ಮರಳಿನಲ್ಲಿಯೇ ಅಡಗುವುದರಿಂದ ಆ ಉಪಕರಣದಿಂದ ಪ್ರಯೋಜನ ಕಡಿಮೆ. ಸಿಲಿಕೇಟ್ ಸೇರಿಸಿ ಡಯಾಟಂಗಳನ್ನು ಬೆಳೆಸಿ ಅದಕ್ಕೆ ಪೈಪೋಟಿ ಒಡ್ಡುವ ವಿಧಾನವನ್ನು ಕೆಲವರು ಅನುಸರಿಸುತ್ತಾರೆ.

ಕಪ್ಪು ಪದರದ ವಿಷಯದಲ್ಲಿ ಎಚ್ಚರಿಕೆ

ಮರಳಿನೊಳಗಿನ ಕಪ್ಪು ಪದರವನ್ನು ಕದಡದಿದ್ದರೆ ಸಾಮಾನ್ಯವಾಗಿ ಅಪಾಯವಿಲ್ಲ. ಮೇಲೇಳುವ ಹೈಡ್ರೋಜನ್ ಸಲ್ಫೈಡ್ ಆಮ್ಲಜನಕವಿರುವ ಮೇಲ್ಪದರವನ್ನು ತಲುಪಿದಾಗ ನಿರಪಾಯಕಾರಿ ಸಲ್ಫೇಟಾಗಿ ಪರಿವರ್ತನೆಯಾಗುತ್ತದೆ. ಆದರೆ ಶುಚಿಗೊಳಿಸುವ ಉತ್ಸಾಹದಲ್ಲಿ ಹಳೆಯ, ಆಳವಾದ ಹಾಸನ್ನು ಒಮ್ಮೆಲೇ ಕೆದಕಿದರೆ ಈ ವಿಷಾನಿಲ ಮತ್ತು ಕೊಳೆತ ಪದಾರ್ಥಗಳು ನೀರಿಗೆ ಸೇರಿ ಕೆಲವೇ ಗಂಟೆಗಳಲ್ಲಿ ಜೀವಿಗಳು ಸಾಯಬಹುದು. ಹಳೆಯ ಮರಳನ್ನು ತೆಗೆಯಲೇಬೇಕಾದರೆ ಮೀನು, ಹವಳಗಳನ್ನು ಬೇರೆ ತೊಟ್ಟಿಗೆ ಸಾಗಿಸಿ ತೆಗೆಯಬೇಕು. ಇಲ್ಲವೇ ಪ್ರತಿವಾರ ಸ್ವಲ್ಪ ಭಾಗವನ್ನು ಮಾತ್ರ ಸೈಫನ್ ಮಾಡಬೇಕು.

ಹವಳಗಳ ಮೇಲೆ ಪರಿಣಾಮ

ಮರಳಿನಿಂದ ಹರಡಿದ ಚಾಪೆ ಹವಳದ ಬುಡವನ್ನು ಮುಚ್ಚಿದರೆ ಬೆಳಕು ಮತ್ತು ನೀರಿನ ಸಂಪರ್ಕವಿಲ್ಲದೆ ಅಂಗಾಂಶ ಸಾಯುತ್ತದೆ. ನಿಸರ್ಗದ ಹವಳದಿಬ್ಬಗಳಲ್ಲಿ ಕಾಣುವ ಕಪ್ಪುಪಟ್ಟಿ ರೋಗದಲ್ಲಿಯೂ ಸಯನೋಬ್ಯಾಕ್ಟೀರಿಯಾದ ಪಾತ್ರವಿದೆ. ಕೆರಿಬಿಯನ್ ಸಮುದ್ರದ ಹವಳಗಳಲ್ಲಿ 1970ರ ದಶಕದಲ್ಲಿ ಮೊದಲು ವರದಿಯಾದ ಈ ರೋಗದಲ್ಲಿ ಕಪ್ಪು ಪಟ್ಟಿಯೊಂದು ಜೀವಂತ ಅಂಗಾಂಶವನ್ನು ಕೊಲ್ಲುತ್ತಾ ಮುಂದೆ ಸಾಗಿ, ಹಿಂದೆ ಬಿಳಿಯ ಅಸ್ಥಿಪಂಜರವನ್ನು ಉಳಿಸುತ್ತದೆ. ಮರಳಿನ ಮೇಲಿನ ಸಾಮಾನ್ಯ ತೇಪೆ ಈ ರೋಗವಲ್ಲ.

ಸುರಕ್ಷತೆ ಮತ್ತು ಕಾನೂನು

ಸೈಫನ್ ಕೊಳವೆಯನ್ನು ಬಾಯಿಯಿಂದ ಹೀರಿ ಆರಂಭಿಸುವುದು ಅಪಾಯಕಾರಿ. ಆಸ್ಟ್ರಿಯಾಪ್ಸಿಸ್ ಉತ್ಪಾದಿಸುವ ವಿಷಗಳು ಮನುಷ್ಯರಿಗೂ ಹಾನಿಕರ. ಇಟಲಿಯ ಜಿನೋವಾ ಕಡಲತೀರದಲ್ಲಿ 2005ರ ಬೇಸಿಗೆಯಲ್ಲಿ ಈ ಜೀವಿ ಹೆಚ್ಚಿದಾಗ ಸುಮಾರು 200 ಜನರು ಜ್ವರ, ಕೆಮ್ಮು, ಉಸಿರಾಟದ ತೊಂದರೆಯಿಂದ ಚಿಕಿತ್ಸೆ ಪಡೆಯಬೇಕಾಯಿತು. ಕೈಗವಸು ಧರಿಸಿ ಕೆಲಸ ಮಾಡುವುದು, ಅನಂತರ ಕೈಗಳನ್ನು ಸಾಬೂನಿನಿಂದ ತೊಳೆಯುವುದು ಅಗತ್ಯ.

ಮರಳನ್ನು ಶುದ್ಧಗೊಳಿಸಲು ಸಮುದ್ರ ಸೌತೆಗಳನ್ನು ಬಳಸುವ ಸಲಹೆ ವಿದೇಶಿ ಕೈಪಿಡಿಗಳಲ್ಲಿ ಕಂಡುಬರುತ್ತದೆ. ಭಾರತದಲ್ಲಿ ಎಲ್ಲ ಸಮುದ್ರ ಸೌತೆಗಳೂ ಕಲ್ಲುಹವಳಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ 2001ರಿಂದ ಸೇರಿವೆ. ಇವುಗಳನ್ನು ಕಡಲಿನಿಂದ ಹಿಡಿಯುವುದು, ಮಾರುವುದು ಶಿಕ್ಷಾರ್ಹ ಅಪರಾಧ.

ಮರುಕಳಿಸದಂತೆ ತಡೆಯುವುದು

ತೇಪೆಗಳು ಮಾಯವಾದ ಮೇಲೂ ಕೆಲವು ಕ್ರಮಗಳನ್ನು ಮುಂದುವರಿಸಬೇಕಾಗುತ್ತದೆ. ವಾರಕ್ಕೊಮ್ಮೆ ನೈಟ್ರೇಟ್ ಮತ್ತು ಫಾಸ್ಫೇಟ್ ಅಳೆದು ದಿನಾಂಕದೊಂದಿಗೆ ಬರೆದಿಡುವುದು, ಆರ್‌ಓ ಪೊರೆ ಹಾಗೂ ಡಿಐ ರಾಳವನ್ನು ಕಾಲಕಾಲಕ್ಕೆ ಬದಲಾಯಿಸುವುದು, ಪಂಪುಗಳನ್ನು ಬಿಚ್ಚಿ ಶುಚಿಗೊಳಿಸುವುದು, ತೊಟ್ಟಿಯ ಸಾಮರ್ಥ್ಯಕ್ಕಿಂತ ಹೆಚ್ಚು ಮೀನುಗಳನ್ನು ಸೇರಿಸದಿರುವುದು ಇವುಗಳಲ್ಲಿ ಮುಖ್ಯವಾದವು. ಒಂದು ಬಾರಿಗೆ ಒಂದೇ ಬದಲಾವಣೆಯನ್ನು ಮಾಡಿ ಎರಡು ವಾರ ಕಾದು ನೋಡಿದರೆ ಯಾವ ಕ್ರಮದಿಂದ ಪ್ರಯೋಜನವಾಯಿತೆಂಬುದು ತಿಳಿಯುತ್ತದೆ. ಹೊಸ ತೊಟ್ಟಿಗಳಲ್ಲಿ ಮೊದಲ ವರ್ಷ ಒಂದರ ಹಿಂದೆ ಒಂದರಂತೆ ಡಯಾಟಂ, ಸಯನೋಬ್ಯಾಕ್ಟೀರಿಯಾ ಮತ್ತು ಹಸಿರು ಪಾಚಿಗಳು ಕಾಣಿಸಿಕೊಳ್ಳುವುದು ಸಹಜ. ಮರಳು ಮತ್ತು ಕಲ್ಲುಗಳಲ್ಲಿ ವೈವಿಧ್ಯಮಯ ಸೂಕ್ಷ್ಮಜೀವಿಗಳು ನೆಲೆಗೊಂಡಂತೆ ಇವುಗಳ ಹಾವಳಿ ತಗ್ಗುತ್ತದೆ.